ಪರದೇಶದ ಬೀದಿಯಲ್ಲಿ ನಮ್ಮ ಗಾಡಿಯ ನೆಂಟರು

ಬೇಸಿಗೆ ಬಂತೆಂದರೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಎಷ್ಟೋ ಗೇಟುಗಳಿಗೆ ಬೀಗ ಬೀಳುತ್ತದೆ. ಮಗ ಇಂಗ್ಲೆಂಡಿನಲ್ಲಿ, ಮಗಳು ಅಮೆರಿಕದಲ್ಲಿ. ಅಪ್ಪ ಅಮ್ಮ ಚಟ್ನಿಪುಡಿ, ರೊಟ್ಟಿ, ಮಂಡಕ್ಕಿ ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಮಳೆ ಹಿಡಿದ ಮೇಲೆ ಊರಿಗೆ ಮರಳಿ, ಬೆಳಗಿನ ವಾಕಿಂಗಿನಲ್ಲಿ ಮೊಬೈಲ್ ತೆರೆದು ಒಬ್ಬರಿಗೊಬ್ಬರು ಫೋಟೊ ತೋರಿಸುತ್ತಾರೆ. ಅರಮನೆ, ಸೇತುವೆ, ಜಲಪಾತ, ಮೊಮ್ಮಗುವಿನ ಹುಟ್ಟುಹಬ್ಬ. ಆದರೆ ಈ ಗುಂಪಿನ ಒಬ್ಬ ಹಿರಿಯರ ಮೊಬೈಲಿನಲ್ಲಿ ಇವು ಯಾವುವೂ ಇಲ್ಲ, ಬರೀ ಗಾಡಿಗಳು. ಕಾರು, ವ್ಯಾನು, ಹಳೆಯ ಬೈಕು, ಹಾಲಿನ ಗಾಡಿ, ಕಸದ ಲಾರಿ. “ಎಲ್ಲರೂ ಅರಮನೆ ಕಡೆ ಮುಖ ಮಾಡಿದ್ರೆ ಇವ್ರು ರಸ್ತೆ ಕಡೆ ಮುಖ ಮಾಡಿ ನಿಂತಿರ್ತಾರ್ರೀ” ಎಂಬುದು ಅವರ ಮನೆಯವರ ದೂರು.

ದೂರು ನಿಜ, ಆದರೆ ಆ ಹಿರಿಯರು ನೋಡಿ ಬಂದದ್ದು ಕಡಿಮೆಯೇನಲ್ಲ.

ಗಾಡಿಯ ಹುಚ್ಚಿನಲ್ಲಿ ಎರಡು ಬಗೆ. ಮೊದಲನೆಯದು ಬೆಲೆಯ ಹುಚ್ಚು. ದುಬೈಗೆ ಹೋದವರು ಅಲ್ಲಿನ ಪೊಲೀಸರ ಲ್ಯಾಂಬೊರ್ಗಿನಿ, ಬುಗಾಟಿಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ಈ ಬಗೆಯದು. ತಪ್ಪೇನಿಲ್ಲ, ನೋಡಲಿಕ್ಕೆ ಚೆಂದವೇ. ಆದರೆ ಅದರಲ್ಲಿ ತಿಳಿಯುವುದು ಒಂದೇ ಸಂಗತಿ: ಕೊಂಡವರ ಬಳಿ ದುಡ್ಡಿದೆ. ಎರಡನೆಯದು ಬೇರಿನ ಹುಚ್ಚು. ಈ ಗಾಡಿ ಎಲ್ಲಿಂದ ಬಂತು, ಯಾಕೆ ಹೀಗಿದೆ, ಇದನ್ನು ಬೇರೆ ಯಾವ ಊರಿನಲ್ಲಿ ಯಾವ ಹೆಸರಲ್ಲಿ ಕಂಡಿದ್ದೆ ಎಂದು ಕೇಳುವ ಕಣ್ಣು ಅದಕ್ಕೆ ಬೇಕು. ಅಂಥ ಕಣ್ಣಿಗೆ ಪರದೇಶದ ಬೀದಿಯಲ್ಲಿ ನೆಂಟರು ಸಿಗುತ್ತಾರೆ.

ಆಕ್ಸ್‌ಫರ್ಡಿನ ಹೆಸರು ಕೇಳಿದರೆ ನಮಗೆ ವಿಶ್ವವಿದ್ಯಾಲಯ ನೆನಪಾಗುತ್ತದೆ. ಅದೇ ಊರಿನ ಕೌಲಿ ಎಂಬಲ್ಲಿ ಮೋರಿಸ್ ಕಾರಿನ ಕಾರ್ಖಾನೆಯಿತ್ತು. ಅಲ್ಲಿ ತಯಾರಾದ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಬಂಗಾಳದ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆಯಿತು. ಇಂಗ್ಲೆಂಡಿನವರು ಆ ಮಾದರಿಯನ್ನು 1950ರ ದಶಕ ಮುಗಿಯುವ ಮೊದಲೇ ಕೈಬಿಟ್ಟರು. ನಾವು 2014ರವರೆಗೆ ತಯಾರಿಸಿದೆವು. ಹತ್ತಿ ಮಂಡಿಯ ಸಾಹುಕಾರರನ್ನು, ಜಿಲ್ಲಾ ಕಚೇರಿಯ ಸಾಹೇಬರನ್ನು, ಮದುವೆಯ ದಿಬ್ಬಣವನ್ನು ಹೊತ್ತು ನಮ್ಮೂರಿನ ಪಿ.ಬಿ. ರಸ್ತೆಯಲ್ಲಿ ಓಡಿದ ಆ ಗುಂಡು ಮೂತಿ, ಇಂಗ್ಲೆಂಡಿನ ಯಾವುದೋ ಹಳೆಯ ಕಾರುಗಳ ಮೇಳದಲ್ಲಿ ಎದುರಾದರೆ ದಾವಣಗೆರೆಯವರು ಸುಮ್ಮನೆ ದಾಟಿ ಹೋಗಲಾರರು. ಅಲ್ಲಿನವರು ಅದರ ಬಾನೆಟ್ ಎತ್ತಿ ಹೆಮ್ಮೆಯಿಂದ ತೋರಿಸುವಾಗ, ಅದರ ರಿಪೇರಿ ಹೇಗೆಂದು ಅವರಿಗೇ ಹೇಳಿಕೊಡಬಲ್ಲ ಮಿಸ್ತ್ರಿಗಳು ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದ್ದಾರೆ.

ಇಟಲಿಯ ಹಳ್ಳಿ ರಸ್ತೆಗಳಲ್ಲಿ ಎರಡು ಬಗೆಯ ನೆಂಟರಿದ್ದಾರೆ. ಒಂದು ಫಿಯೆಟ್ 1100. ಮುಂಬೈಯ ಪ್ರೀಮಿಯರ್ ಕಂಪನಿ ಅದನ್ನು ಇಲ್ಲಿ ತಯಾರಿಸಿ, 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಿಟ್ಟಿತು. ಇನ್ನೊಂದು ಮೂರು ಚಕ್ರದ ಅಪೆ. ಎರಡನೆಯ ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ಇಟಲಿಯಲ್ಲಿ ಪಿಯಾಜಿಯೊ ಕಂಪನಿಯ ಎಂಜಿನಿಯರ್ ಕೊರಾಡಿನೊ ದಾಸ್ಕಾನಿಯೊ 1946ರಲ್ಲಿ ವೆಸ್ಪಾ ಸ್ಕೂಟರ್ ರೂಪಿಸಿದರು. ಅದರ ಹಿಂಭಾಗಕ್ಕೆ ಎರಡು ಚಕ್ರ, ಸಾಮಾನು ಹೇರುವ ತೊಟ್ಟಿ ಸೇರಿ 1948ರಲ್ಲಿ ಅಪೆ ಬಂತು. ಕಾರು ಕೊಳ್ಳಲಾಗದ ತರಕಾರಿ ವ್ಯಾಪಾರಿಗೆ, ದ್ರಾಕ್ಷಿ ತೋಟದ ರೈತನಿಗೆ ಅದು ದುಡಿಯುವ ಗಾಡಿಯಾಯಿತು. ಇವತ್ತು ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ಚೀಲ ಹೊತ್ತು ಓಡುವ ಲಗೇಜ್ ಆಟೊಗಳದ್ದೂ ಅದೇ ವಂಶ. ಯುರೋಪಿನ ಹೊಗೆ ಮತ್ತು ಸುರಕ್ಷತೆಯ ನಿಯಮ ಬಿಗಿಯಾಗಿ 2024ರ ಕೊನೆಗೆ ಇಟಲಿಯಲ್ಲಿ ಅಪೆಯ ತಯಾರಿಕೆ ನಿಂತಿತು. ಭಾರತದಲ್ಲಿ ನಡೆದಿದೆ. ತವರಿನಲ್ಲಿ ಅದನ್ನೀಗ ಪ್ರವಾಸಿಗರು ಫೋಟೊ ತೆಗೆಯುತ್ತಾರೆ, ಇಲ್ಲಿ ಅದು ಬೆಳಗಿನ ಆರಕ್ಕೆ ಕೆಲಸಕ್ಕೆ ಹೊರಡುತ್ತದೆ.

ಕರ್ನಾಟಕದ ಮಟ್ಟಿಗೆ ಹತ್ತಿರದ ನೆಂಟಸ್ತಿಕೆ ಚೆಕ್ ದೇಶದ್ದು. ಪ್ರಾಗ್ ಪೇಟೆಯಲ್ಲಿ 1929ರಲ್ಲಿ ಹುಟ್ಟಿದ ಜಾವಾ ಬೈಕು 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಗೆ ಬಂತು. ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಊರೂರಿನ ಮೇಷ್ಟ್ರು, ಪೊಲೀಸರು, ಹಾಲಿನವರು ಅದನ್ನು ಓಡಿಸಿದರು. ಕಿಕ್ ಹೊಡೆಯುವ ಲಿವರನ್ನೇ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಆಗುತ್ತಿತ್ತು. ಇದು ಗೊತ್ತಿಲ್ಲದವನಿಗೆ ಯೆಜ್ಡಿ ಕದಿಯಲೂ ಆಗುತ್ತಿರಲಿಲ್ಲ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಪ್ರಾಗ್ ನೋಡಲು ಹೋದ ಮೈಸೂರಿನವರೋ ದಾವಣಗೆರೆಯವರೋ ರಸ್ತೆ ಬದಿಯ ಹಳೆಯ ಜಾವಾದ ಆ ಲಿವರನ್ನು ಗುರುತಿಸಿದರೆ ಮಾತಿಗೆ ಭಾಷೆಯೇ ಬೇಕಿಲ್ಲ. ಗಾಡಿಯ ಯಜಮಾನನಿಗೂ ನೋಡುವವರಿಗೂ ಕಾಲಿನ ಅಭ್ಯಾಸ ಒಂದೇ.

ಬೆಂಗಳೂರಿನಲ್ಲಿ ತಯಾರಾದ ಸಿಪಾನಿ ಡಾಲ್ಫಿನ್ ಕಾರನ್ನು ನೆನೆಯುವವರು ಈಗ ಕಡಿಮೆ. 1980ರ ದಶಕದಲ್ಲಿ ಫೈಬರ್ ಮೈಯ, ಎರಡು ಬಾಗಿಲಿನ ಆ ಪುಟ್ಟ ಕಾರು ಕೆಲಕಾಲ ರಸ್ತೆಯಲ್ಲಿತ್ತು, ರ‍್ಯಾಲಿಗಳಲ್ಲಿ ಹೆಸರನ್ನೂ ಮಾಡಿತ್ತು. ಮಾರುತಿ ಬಂದ ಮೇಲೆ ಅದರ ಆಟ ನಡೆಯಲಿಲ್ಲ. ಇಂಗ್ಲೆಂಡಿನಲ್ಲಿ ಎಲ್ಲಾದರೂ ರಿಲಯಂಟ್ ಕಿಟನ್ ಎಂಬ ಹಳೆಯ ಕಾರು ಕಂಡರೆ, ಅದೇ ಡಾಲ್ಫಿನ್ನಿನ ತಾಯಿ.

ನೆಂಟಸ್ತಿಕೆ ಒಂದೇ ದಿಕ್ಕಿನದಲ್ಲ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಚೇತನ್ ಮೈನಿಯವರ ತಂಡ ರೂಪಿಸಿದ ರೇವಾ ವಿದ್ಯುತ್ ಕಾರು 2001ರಲ್ಲಿ ಇಲ್ಲಿ ಮಾರಾಟಕ್ಕೆ ಬಂತು. ಕೊಳ್ಳುವವರು ಬೆರಳೆಣಿಕೆ. ಅತ್ತ ಲಂಡನ್ 2003ರ ಫೆಬ್ರವರಿಯಲ್ಲಿ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕಿತು. ವಿದ್ಯುತ್ ಕಾರಿಗೆ ಆಗ ವಿನಾಯಿತಿಯಿತ್ತು. ಮರುವರ್ಷ ರೇವಾ ಅಲ್ಲಿ ಜಿ-ವಿಝ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ಟಿವಿಯವರು ಅದನ್ನು ಗೇಲಿ ಮಾಡಿದರು. ಅಪಘಾತ ಪರೀಕ್ಷೆಯಲ್ಲಿ ಅದು ದುರ್ಬಲ ಎಂಬ ಟೀಕೆ ಬಂತು, ಆ ಟೀಕೆಯಲ್ಲಿ ಹುರುಳೂ ಇತ್ತು. ಆದರೂ ವಿದ್ಯುತ್ ಕಾರು ಎಂದರೆ ಜನ ನಗುತ್ತಿದ್ದ ಕಾಲದಲ್ಲಿ ಲಂಡನ್ನಿನ ಬೀದಿಯಲ್ಲಿ ಪ್ಲಗ್ ಹಾಕಿಕೊಂಡು ನಿಂತಿದ್ದ ಗಾಡಿ ಬೆಂಗಳೂರಿನದು. ಹಿತ್ತಲ ಗಿಡ ಮದ್ದಲ್ಲ ಎನ್ನುವ ನಾವು ಅದರ ಫೋಟೊ ತೆಗೆಯಲಿಲ್ಲ, ಲಂಡನ್ನಿಗೆ ಹೋದವರು ತೆಗೆದರು.

ಇಷ್ಟೆಲ್ಲ ಕಾಣಬೇಕಾದರೆ ಕಣ್ಣು ಮೊದಲು ಊರಿನಲ್ಲಿ ಪಳಗಿರಬೇಕು. ನಮ್ಮ ಪಕ್ಕದ ಹರಿಹರಕ್ಕೆ ಆ ಭಾಗ್ಯವಿತ್ತು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿತು. ಕಾರ್ಖಾನೆಯ ಬಡಾವಣೆಗೆ ಯಂತ್ರಪುರ ಎಂದೇ ಹೆಸರು. ಅಲ್ಲಿಂದ ಹೊರಟ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಗಾಡಿಗಳ ಶಾಫ್ಟು, ಬುಷ್, ಪಿನ್ನುಗಳನ್ನು ಕಡೆದವು. ಬಿಡಿಭಾಗ ಸಿಗದ ಕಾಲದಲ್ಲಿ ಹಳೆಯ ಫಿಯೆಟ್ಟೋ ಮೆಟಡೋರೋ ಮತ್ತೆ ಓಡಿದ್ದರೆ ಅದರ ಹಿಂದೆ ಒಬ್ಬ ಲೇತ್ ಟರ್ನರ್ ಇರುತ್ತಿದ್ದ. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೆ ಅಲ್ಲಿ ಕೆಲಸ ಕಲಿತವರ ಕಣ್ಣು ಮುಚ್ಚಿಲ್ಲ. ನಮ್ಮ ವಾಕಿಂಗಿನ ಹಿರಿಯರೂ ಕಬ್ಬಿಣದ ಜೊತೆ ಬದುಕಿದವರೇ. ಕೊವೆಂಟ್ರಿಯ ವಾಹನ ಮ್ಯೂಸಿಯಂನಲ್ಲಿ ಉಳಿದವರು ಬಣ್ಣ ನೋಡಿದರೆ ಅವರು ಬಗ್ಗಿ ಆಕ್ಸಲ್ ನೋಡುತ್ತಾರೆ. “ಬಣ್ಣ ಯಾರಾದ್ರೂ ಬಳೀತಾರ್ರೀ, ಕೆಳಗೆ ಬಗ್ಗಿ ನೋಡ್ಬೇಕು” ಎನ್ನುತ್ತಾರೆ.

ಗಾಡಿ ನೋಡುವವರಿಗೆ ಆ ದೇಶದ ನಡತೆಯೂ ಕಾಣುತ್ತದೆ. ನಮ್ಮ ಕೆಎ-17 ನೋಡಿ ದಾವಣಗೆರೆ ಎನ್ನುವಂತೆ, ಜರ್ಮನಿಯ ನಂಬರ್ ಪ್ಲೇಟಿನ ಮೊದಲ ಅಕ್ಷರಗಳನ್ನು ನೋಡಿ ಊರು ಹೇಳಬಹುದು: ಬಿ ಎಂದರೆ ಬರ್ಲಿನ್, ಎಂ ಎಂದರೆ ಮ್ಯೂನಿಕ್. ಅದೇ ಪ್ಲೇಟಿನ ಕೊನೆಗೆ ಎಚ್ ಇದ್ದರೆ ಆ ಗಾಡಿಗೆ ಮೂವತ್ತು ವರ್ಷ ದಾಟಿದೆ, ಮೂಲ ರೂಪ ಉಳಿದಿದೆ ಎಂದು ಸರ್ಕಾರ ಒಪ್ಪಿದೆ ಎಂದರ್ಥ. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆಯಿಲ್ಲ. ಜಪಾನಿನಲ್ಲಿ ಹಳದಿ ಪ್ಲೇಟಿನ ಪುಟ್ಟ ಕಾರುಗಳು ತುಂಬಿವೆ. ಎಂಜಿನ್ 660 ಸಿಸಿ ದಾಟಬಾರದು, ಉದ್ದ 3.4 ಮೀಟರ್ ಮೀರಬಾರದು. ಬದಲಿಗೆ ತೆರಿಗೆ ಕಡಿಮೆ. ಜಾಗ ಕಡಿಮೆಯಿರುವ ದೇಶ ಕಾರನ್ನು ಹಿಗ್ಗಿಸದೆ ಕುಗ್ಗಿಸಿದ ರೀತಿಯಿದು. ನಮ್ಮ ಮಾರುತಿ 800, ಓಮ್ನಿ ಎರಡೂ ಈ ಕುಲದಿಂದಲೇ ಬಂದವು. ಇಕ್ಕಟ್ಟಿನ ರಸ್ತೆಗೆ ದೊಡ್ಡ ದೊಡ್ಡ ಎಸ್‌ಯುವಿ ತರುವ ನಾವು ಯೋಚಿಸಬೇಕಾದ ಮಾತು.

ಅಮೆರಿಕದಲ್ಲಿ ಹಳದಿ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದರೆ ಹಿಂದಿನ ಗಾಡಿ ನಿಲ್ಲುತ್ತದೆ, ನಡುವೆ ವಿಭಜಕವಿಲ್ಲದ ರಸ್ತೆಯಾದರೆ ಎದುರಿನದೂ ನಿಲ್ಲುತ್ತದೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಸಭೆಯೊಂದು ಆ ಹಳದಿಯನ್ನು ಗೊತ್ತುಮಾಡಿತು. ಮಬ್ಬು ಬೆಳಕಿನಲ್ಲೂ ಬೇಗ ಕಣ್ಣಿಗೆ ಬೀಳುವ ಬಣ್ಣವದು. ನಮ್ಮ ಶಾಲಾ ಬಸ್ಸಿಗೂ ಹಳದಿ ಬಂದಿದೆ. ಬಣ್ಣದ ಜೊತೆ ಬರಬೇಕಿದ್ದ ನಿಲ್ಲುವ ಗುಣ ಇನ್ನೂ ದಾರಿಯಲ್ಲಿದೆ.

ನೋಡುವುದಕ್ಕೂ ಒಂದು ಮರ್ಯಾದೆಯಿದೆ. ಪರರ ಗಾಡಿಗೆ ಒರಗಿ ನಿಲ್ಲುವುದು, ಬಾಗಿಲಿನ ಹಿಡಿ ಎಳೆದು ನೋಡುವುದು ನಮ್ಮಲ್ಲಿ ಸಲುಗೆ. ಹೊರದೇಶದಲ್ಲಿ ಅದು ಪೊಲೀಸರವರೆಗೆ ಹೋಗಬಹುದು. ಯಜಮಾನ ಪಕ್ಕದಲ್ಲಿದ್ದರೆ ಕೇಳಿ ಫೋಟೊ ತೆಗೆಯಬೇಕು. ಒಳಗೆ ಮಕ್ಕಳಿದ್ದರೆ ಕ್ಯಾಮೆರಾ ಇಳಿಸಬೇಕು. ಕೇಳಿದವರಿಗೆ ಬಹಳ ಸಲ ಫೋಟೊದ ಜೊತೆ ಗಾಡಿಯ ಕಥೆಯೂ ಸಿಗುತ್ತದೆ.

ಇಷ್ಟು ನೋಡಿ ಬಂದವರಿಗೆ ಊರಿನಲ್ಲೂ ಕೆಲಸವಿದೆ. ನಮ್ಮ ಬಡಾವಣೆಗಳ ಶೆಡ್ಡುಗಳಲ್ಲಿ, ಹಳ್ಳಿಮನೆಯ ಕೊಟ್ಟಿಗೆಗಳಲ್ಲಿ ತಾಡಪಾಲು ಹೊದ್ದ ಯೆಜ್ಡಿ, ಲ್ಯಾಂಬ್ರೆಟಾ, ಅಂಬಾಸಿಡರ್‌ಗಳು ಇನ್ನೂ ಇವೆ. ಹಬ್ಬಕ್ಕೆ ಮನೆ ಗುಡಿಸುವಾಗ ಅವು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಅದೇ ಗಾಡಿಯನ್ನು ಇಂಗ್ಲೆಂಡಿನ ಮೇಳದಲ್ಲಿ ಕಂಡರೆ ನಾವೇ ಸಾಲಿನಲ್ಲಿ ನಿಂತು ಫೋಟೊ ತೆಗೆಯುತ್ತೇವೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ರೂಪ ಕೆಡಿಸದ ಸ್ವಂತ ಬಳಕೆಯ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಪ್ಲೇಟಿನ ಮೇಲೆ ವಿಎ ಎಂಬ ಗುರುತು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಮೇಳ, ಪ್ರದರ್ಶನ, ರಿಪೇರಿಗೆ ಹೊರತೆಗೆಯಬಹುದು. ಶುಲ್ಕ ಸಾಮಾನ್ಯರ ಕೈಗೆ ಭಾರವೇ. ಸರ್ಕಾರ ಸ್ಕೂಟರು ಬೈಕುಗಳಿಗಾದರೂ ಅದನ್ನು ಇಳಿಸಿದರೆ ಎಷ್ಟೋ ಗಾಡಿಗಳು ಉಳಿದಾವು.

ಗಾಡಿ ಉಳಿಸಲು ಆಗದವರು ಅದರ ಕಥೆಯನ್ನಾದರೂ ಉಳಿಸಬಹುದು. ಹಳೆಯ ಆರ್‌ಸಿ ಬುಕ್ಕನ್ನು ಹರಿದು ಎಸೆಯಬೇಡಿ. ಯಾವ ವರ್ಷ ಕೊಂಡದ್ದು, ಎಷ್ಟು ಕೊಟ್ಟದ್ದು, ಯಾವ ಮಿಸ್ತ್ರಿ ಬೋರ್ ಮಾಡಿದ್ದು ಎಂದು ಅಜ್ಜನನ್ನು ಕೇಳಿ ಬರೆದಿಡಿ. ಮಕ್ಕಳನ್ನು ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಮ್ಯೂಸಿಯಂಗೆ, ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂಗೆ ಒಮ್ಮೆ ಕರೆದೊಯ್ಯಿರಿ. ವಿಮಾನ ಹತ್ತಿ ಪರರ ಗಾಡಿಗಳ ಫೋಟೊ ತೆಗೆಯುವ ಮುಂಚೆ, ನಿಮ್ಮ ಮನೆಯ ಶೆಡ್ಡಿನ ತಾಡಪಾಲು ಎತ್ತಿ ಒಂದು ಫೋಟೊ ತೆಗೆಯಿರಿ.