ನಿಜವೂ ಮಾನಹಾನಿಯೇ?

ಒಬ್ಬರ ಹೆಸರಿಗೆ ಮಸಿ ಹತ್ತುವ ಸಂಗತಿಯನ್ನು ನಾಲ್ಕು ಜನಕ್ಕೆ ಹೇಳಿದೆವು. ಹೇಳಿದ್ದು ಪೂರ್ತಿ ನಿಜ. ಹಾಗಿದ್ದರೂ ಅದು ಮಾನಹಾನಿಯೇ? ನಮ್ಮ ಕಾನೂನಿನಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಪರಿಹಾರ ಕೇಳಿ ಸಿವಿಲ್ ದಾವೆ ಹೂಡಿದರೆ, ಮಾತು ನಿಜವೆಂದು ರುಜುವಾತಾದರೆ ಸಾಕು, ದಾವೆ ಬಿದ್ದುಹೋಗುತ್ತದೆ. ಕ್ರಿಮಿನಲ್ ದೂರಿಗೆ ಅಷ್ಟು ಸಾಲದು. 1860ರ ದಂಡ ಸಂಹಿತೆಯ 499ನೇ ಕಲಮಿನ ಪ್ರಕಾರ ಮಾತು ನಿಜವಾಗಿರಬೇಕು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೂ ಆಗಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮೂ ಅದೇ ಷರತ್ತನ್ನು ಉಳಿಸಿಕೊಂಡಿದೆ. ತಪ್ಪಿದರೆ ಎರಡು ವರ್ಷದವರೆಗೆ ಜೈಲಾಗಬಹುದು.

ಈ ಷರತ್ತು ತಪ್ಪೆಂದು ನಾನು ಬಲವಾಗಿ ನಂಬುತ್ತೇನೆ. ಸಹಕಾರ ಸಂಘದ ಹಣ ನುಂಗಿದವನೊಬ್ಬನಿಗೆ ಊರಲ್ಲಿ ಸಜ್ಜನನೆಂಬ ಹೆಸರಿದೆ ಎನ್ನಿ. ಆ ಹೆಸರು ಬಂದದ್ದು ಊರಿಗೆ ವಿಷಯ ಗೊತ್ತಿಲ್ಲದ್ದರಿಂದ. ಗೊತ್ತಾದ ದಿನ ಅವನು ಕಳೆದುಕೊಳ್ಳುವ ಗೌರವ ಮೊದಲೂ ಅವನದಾಗಿರಲಿಲ್ಲ. ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿ ಕಾನೂನನ್ನು ಎತ್ತಿಹಿಡಿಯುತ್ತ, ವ್ಯಕ್ತಿಯ ಹೆಸರು ಅವನ ಬದುಕುವ ಹಕ್ಕಿನ ಭಾಗವೆಂದಿತು. ಇರಲಿ, ಆದರೆ ಯಾವ ಹೆಸರು? ಹಗರಣವನ್ನು ಹೊರಗೆ ತಂದ ಗುಮಾಸ್ತ ಆರೋಪಿಯ ಸ್ಥಾನದಲ್ಲಿ ನಿಂತು ನಿಜವನ್ನೂ ಹಿತವನ್ನೂ ತಾನೇ ಸಾಬೀತು ಮಾಡಬೇಕು. ಕೊನೆಗೆ ಗೆದ್ದರೂ ಅಷ್ಟರಲ್ಲಿ ಸಮನ್ಸು, ವಾಯಿದೆ, ವಕೀಲರ ಫೀಸು ಅವನನ್ನು ಹಣ್ಣು ಮಾಡಿರುತ್ತವೆ.

ಹಾಗಾದರೆ ನಿಜವೆಂದಮೇಲೆ ಏನನ್ನು ಬೇಕಾದರೂ ಹರಡಬಹುದೇ? ಇಲ್ಲಿ ಅಮೆರಿಕದ ಒಂದು ಮೊಕದ್ದಮೆ ನನ್ನನ್ನು ತಡೆದು ನಿಲ್ಲಿಸುತ್ತದೆ. ವೇಶ್ಯಾವೃತ್ತಿಯಲ್ಲಿದ್ದ ಮಹಿಳೆಯೊಬ್ಬರ ಮೇಲೆ ಕೊಲೆ ಆರೋಪ ಬಂದು, 1918ರಲ್ಲಿ ಅವರು ನಿರ್ದೋಷಿಯೆಂದು ಬಿಡುಗಡೆಯಾದರು. ಆಮೇಲೆ ಮದುವೆಯಾಗಿ, ಹಳೆಯದನ್ನೆಲ್ಲ ಬಿಟ್ಟು ಮರ್ಯಾದೆಯಿಂದ ಬಾಳುತ್ತಿದ್ದರೆಂಬುದು ಅವರ ದಾವೆಯ ಮಾತು. 1925ರಲ್ಲಿ ‘ದಿ ರೆಡ್ ಕಿಮೋನೋ’ ಎಂಬ ಚಿತ್ರ ಬಂತು. ಕಥೆ ಅವರದೇ, ಹೆಸರೂ ಅವರದೇ. ಅವರ ಹಿಂದಿನ ಬದುಕು ಗೊತ್ತಿರದಿದ್ದ ಗೆಳೆಯರು ಮುಖ ತಿರುಗಿಸಿದರು. (ಆ ಹೆಸರನ್ನು ಇಲ್ಲಿ ಮತ್ತೊಮ್ಮೆ ಬರೆಯಲು ನನಗೆ ಮನಸ್ಸಿಲ್ಲ.) 1931ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ವಿಚಾರಣೆಯ ದಾಖಲೆಯಲ್ಲಿದ್ದ ಘಟನೆಗಳನ್ನು ಯಾರು ಬೇಕಾದರೂ ಬಳಸಬಹುದು, ಆದರೆ ನಿಜವಾದ ಹೆಸರನ್ನು ಅದಕ್ಕೆ ಅಂಟಿಸಿದ್ದು ತಪ್ಪು ಎಂದಿತು.

ಆ ತೀರ್ಪು ಆಧರಿಸಿದ್ದು ಮಾನಹಾನಿಯ ಕಾನೂನನ್ನಲ್ಲ, ಸುಖವನ್ನು ಅರಸಿ ಪಡೆಯಲು ರಾಜ್ಯದ ಸಂವಿಧಾನ ಕೊಟ್ಟ ಹಕ್ಕನ್ನು. ನನಗೆ ಬೇಕಾದದ್ದು ಈ ವ್ಯತ್ಯಾಸವೇ. ಆಕೆಗೆ ಆದದ್ದು ದೊಡ್ಡ ಅನ್ಯಾಯ. ಆದರೆ ಅದು ಸುಳ್ಳಿನಿಂದ ಆದದ್ದಲ್ಲ. ಕೊಲೆ ಆರೋಪವಿತ್ತೆಂದು ಹೇಳಿ ಬಿಡುಗಡೆಯ ಮಾತನ್ನು ನುಂಗಿದ್ದರೆ ಆಗ ಅದು ಸುಳ್ಳಾಗುತ್ತಿತ್ತು, ಮಾನಹಾನಿಯೂ ಆಗುತ್ತಿತ್ತು. ಅರ್ಧ ಹೇಳಿದ ನಿಜಕ್ಕೆ ನಿಜದ ರಕ್ಷಣೆ ಸಲ್ಲದು.

1860ರ ಸಂಹಿತೆ ಬರೆದವರ ಮುಂದೆ ಖಾಸಗಿತನದ ಹಕ್ಕು ಇರಲಿಲ್ಲ. ನಮಗೆ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕಿನಡಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಇದನ್ನು ತಿಳಿಯಬೇಕಾದ ಅಗತ್ಯ ಯಾರಿಗಿತ್ತು? 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೆಸರಿಲ್ಲದೆ ಬರಿಯ ‘ಎಕ್ಸ್’ ಆಗಿ ಬಂದವರೊಬ್ಬರಿದ್ದರು. ಅವರಿಗೆ ಎಚ್‌ಐವಿ ಇರುವುದನ್ನು ಆಸ್ಪತ್ರೆ ಬಹಿರಂಗಪಡಿಸಿ, ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ವಧುವಿನ ಜೀವದ ಹಕ್ಕು ಮೇಲೆಂದು ಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ವಧುವಿನ ಮಟ್ಟಿಗೆ ಅದು ಸರಿ. ಆದರೆ ವಿಷಯ ಸಮುದಾಯಕ್ಕೆಲ್ಲ ಹರಡಿ, ಜನ ತನ್ನನ್ನು ದೂರವಿಟ್ಟರೆಂಬುದೂ ಅವರ ಅಳಲಾಗಿತ್ತು. ಆ ಜನಕ್ಕೆ ತಿಳಿಯುವ ಅಗತ್ಯ ಏನೂ ಇರಲಿಲ್ಲ. 2017ರ ಎಚ್‌ಐವಿ ಕಾಯ್ದೆ ಇಂಥ ಬಹಿರಂಗವನ್ನು ನೇರವಾಗಿ ನಿರ್ಬಂಧಿಸಿತು. ಖಾಸಗಿ ನಿಜಗಳನ್ನು ಕಾಯಲು ಹೀಗೆ ಅವುಗಳದೇ ಕಾನೂನು ಇರಲಿ; 356ನೇ ಕಲಮಿನಲ್ಲಿ ನಿಜದ ಮೇಲೆ ಹೇರಿರುವ ಎರಡನೆಯ ಷರತ್ತನ್ನು ಸಂಸತ್ತು ತೆಗೆದುಹಾಕಲಿ.