ಕಾಸು ಎಸೆದವರು

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಕಚೇರಿಗೆ ಹೋಗುವ ದಾರಿಯಲ್ಲಿ ದಿನವೂ ಫರ್ಗ್ಯುಸನ್ ಕಾಲೇಜು ಸಿಗುತ್ತದೆ. ಮುಂದೆ ಇದೇ ಕಾಲೇಜಿನ ಪ್ರಾಂಶುಪಾಲರಾದ ಪರಾಂಜಪೆಯವರು ಕೇಂಬ್ರಿಡ್ಜ್‌ನಲ್ಲಿ ಸೀನಿಯರ್ ರ‍್ಯಾಂಗ್ಲರ್ ಆಗಿ 1901ರಲ್ಲಿ ಮುಂಬಯಿಗೆ ಮರಳಿದಾಗ, ಸಾವೆ ದಾದಾ ಎಂದೇ ಹೆಸರಾದ ಭಾಟವಡೇಕರ್ ಅದನ್ನು ಚಿತ್ರೀಕರಿಸಿದರು. ಭಾರತೀಯರು ತೆಗೆದ ಮೊದಮೊದಲ ಸುದ್ದಿಚಿತ್ರಗಳಲ್ಲಿ ಅದೂ ಒಂದು. ಕ್ಯಾಮೆರಾ ಹುಡುಕಿಕೊಂಡು ಹೋದದ್ದು ಹಡಗಿನಲ್ಲಿ ಬಂದವರನ್ನು. ಹಡಗಿಗೆ ಹೊರೆ ಹೊತ್ತವರನ್ನಲ್ಲ.

ಹೊತ್ತವರನ್ನೇ ತೋರಿಸುವ ಒಂದು ತುಣುಕನ್ನು ಮೊನ್ನೆ ನೋಡಿದೆ. 1903ರಲ್ಲಿ ಎಡಿಸನ್ ಕಂಪನಿ ವೆಸ್ಟ್ ಇಂಡೀಸ್‌ನ ಬಂದರಿನಲ್ಲಿ ತೆಗೆದದ್ದು. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಹಡಗಿಗೆ ಕಲ್ಲಿದ್ದಲು ತುಂಬುತ್ತಾರೆ. ಆಮೇಲೆ ಎಸೆದ ಕಾಸಿಗೆ ಮುಗಿಬೀಳುತ್ತಾರೆ. ಕಂಪನಿ ಚಿತ್ರಕ್ಕಿಟ್ಟ ಹೆಸರಿನಲ್ಲೇ ಈ ಮುಗಿಬೀಳುವುದೂ ಸೇರಿದೆ.

ಪರಾಂಜಪೆಯವರ ಹೆಸರು ಉಳಿದಿದೆ, ಚಿತ್ರ ಉಳಿದಿಲ್ಲ. ಈ ಹೆಂಗಸರ ಚಿತ್ರ ಉಳಿದಿದೆ, ಹೆಸರಿಲ್ಲ.

ನನಗೆ ಅಜ್ಜಿ ನೆನಪಾದರು. ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗಳಿಗೆ ಹಂಚು ಹೊತ್ತವರು. ಮನೆಯಲ್ಲಿರುವುದು ಅವರ ಒಂದೇ ಫೋಟೋ, ಯಾರದೋ ಮದುವೆಯದು. ದುಡಿಯುವ ಅಜ್ಜಿಯ ಚಿತ್ರವನ್ನು ಯಾರೂ ತೆಗೆದಿಲ್ಲ. ಇಂಥದೊಂದು ತುಣುಕಿನಲ್ಲಾದರೂ ಅವರು ಇದ್ದಿದ್ದರೆ ನನಗೆ ಸಂತೋಷವಾಗುತ್ತಿತ್ತೆ? ಅವರ ನಡಿಗೆ ನೋಡಲು ಸಿಗುತ್ತಿತ್ತು. ಅವರು ಕಾಸಿಗೆ ಬಗ್ಗುವುದನ್ನು ಊರವರೆಲ್ಲ ನೋಡುತ್ತಿದ್ದರು.

ಇಂಥದನ್ನು ನೋಡಲೇಬಾರದು ಎಂದುಬಿಡುವುದು ಸುಲಭ. ಆದರೆ ನೋಡದಿದ್ದರೆ ಆ ಹೆಂಗಸರು ಇನ್ನೊಮ್ಮೆ ಇಲ್ಲವಾಗುತ್ತಾರೆ. ಅಯ್ಯೋ ಪಾಪ ಎನ್ನುತ್ತ ನೋಡಿದರೆ ನಾನೂ ಒಂದು ಕಾಸು ಎಸೆದಂತೆ. ಅಲ್ಲಿ ನಾಚಬೇಕಾದವರು ಹೆಕ್ಕಿದವರಲ್ಲ. ಎಸೆದವರು, ಅದನ್ನು ತಮಾಷೆಯೆಂದು ಮಾರಿದವರು. ಅಷ್ಟನ್ನು ಮರೆಯದೆ ನೋಡುವುದಾದರೆ ಮಾತ್ರ ನೋಡುವ ಹಕ್ಕು ನನಗಿದೆ ಅನಿಸುತ್ತದೆ. ಅವರ ಒಪ್ಪಿಗೆ ಕೇಳಲು ಈಗ ಯಾರೂ ಉಳಿದಿಲ್ಲ. ಹಾಗಾಗಿ ಆ ಹಕ್ಕೂ ಅರೆಬರೆಯದೇ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

"ಅಜ್ಜಿ ಒಂದು ಸಲಕ್ಕೆ ಎಷ್ಟು ಹಂಚು ಹೊರುತ್ತಿದ್ದರು?"

"ಹತ್ತು. ನಾನು ಹೊಟ್ಟೆಯಲ್ಲಿದ್ದಾಗ ಎಂಟು ಅಂತೆ. ಯಾಕೆ, ಈಗ ಅದೆಲ್ಲ?"

ಒಂದು ಮಂಗಳೂರು ಹಂಚು ಎರಡು ಕಿಲೋಗೂ ಮಿಕ್ಕಿ ತೂಗುತ್ತದೆ. ಲೆಕ್ಕ ಹಾಕಿದೆ. ಆಮೇಲೆ ಆ ತುಣುಕನ್ನು ಮತ್ತೊಮ್ಮೆ ಹಾಕಿದೆ. ಮೊದಲ ಸಲ ಕಾಸಿನ ಮೇಲೇ ಇದ್ದ ಕಣ್ಣು ಈ ಸಲ ಬುಟ್ಟಿಯ ಮೇಲೆ, ಅದರಡಿಯ ಕುತ್ತಿಗೆಯ ಮೇಲೆ ನಿಂತಿತು.