‘ಹಸುವನ್ನು ತಾ’: ಫ್ರೆಂಚ್ ವಿಡಿಯೊಗೆ ಮೀಮಾಂಸಕರ ಪ್ರಶ್ನೆ

ಹಿರಿಯನೊಬ್ಬ ‘ಹಸುವನ್ನು ತಾ’ ಎನ್ನುತ್ತಾನೆ, ಕಿರಿಯವನು ಹೋಗಿ ಹಸುವನ್ನು ಹೊಡೆದುಕೊಂಡು ಬರುತ್ತಾನೆ. ಅಲ್ಲೇ ಕೂತ ಮಗು ಇಬ್ಬರನ್ನೂ ನೋಡುತ್ತಿರುತ್ತದೆ. ಆಮೇಲೆ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳೂ ಅದರ ಕಿವಿಗೆ ಬೀಳುತ್ತವೆ. ಯಾವ ಪದ ಉಳಿಯಿತು, ಯಾವುದು ಬದಲಾಯಿತು ಎಂದು ಗಮನಿಸುತ್ತ ಮಗು ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ವೇದವಾಕ್ಯಗಳ ಅರ್ಥವನ್ನು ವಿಚಾರಿಸಿದ ಮೀಮಾಂಸಕರು ಇದನ್ನು ವೃದ್ಧವ್ಯವಹಾರ ಎಂದು ಕರೆದರು. ಪದವನ್ನು ಸೇರಿಸಿ, ತೆಗೆದು ನೋಡುವ ಈ ಕ್ರಮಕ್ಕೆ ಆವಾಪ-ಉದ್ವಾಪ ಎಂದು ಹೆಸರು.

ಮೊಬೈಲಿನಲ್ಲಿ ಪುಟ್ಟ ವಿಡಿಯೊಗಳನ್ನು ನೋಡಿ ಫ್ರೆಂಚ್ ಶುರುಮಾಡುವವರು ಕೂತಿರುವುದು ಆ ಮಗುವಿನ ಜಾಗದಲ್ಲೇ. ಬೇಕರಿಗೆ ಬಂದ ಗಿರಾಕಿ ‘ಬೊಂಜೂರ್’ ಎಂದು ‘ಯೂನ್ ಬಾಗೆತ್, ಸಿಲ್ ವು ಪ್ಲೆ’ ಎನ್ನುತ್ತಾನೆ, ಉದ್ದನೆಯ ಬ್ರೆಡ್ಡು ಕೈಗೆ ಬರುತ್ತದೆ. ಮುಂದಿನವನು ಬಾಗೆತ್ ಬದಲು ಕ್ರೊಸ್ಸಾಂ ಕೇಳುತ್ತಾನೆ. ಯಾರೂ ಅರ್ಥ ಹೇಳಲಿಲ್ಲ, ಆದರೂ ಅರ್ಥವಾಯಿತು.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪಿಯೆರ್ ಕಾಪ್ರೆಟ್ಸ್. 1987ರಲ್ಲಿ ಬಂದ ಅವರ ‘ಫ್ರೆಂಚ್ ಇನ್ ಆ್ಯಕ್ಷನ್’ ಸರಣಿಯಲ್ಲಿ ಅರ್ಧರ್ಧ ಗಂಟೆಯ 52 ಕಂತುಗಳಿದ್ದವು. ಪೀಠಿಕೆಯ ಕಂತು ಮುಗಿದ ಮೇಲೆ ಇಂಗ್ಲಿಷಿನ ಆಸರೆಯಿಲ್ಲ. ಮಿರೇಯ್ ಮತ್ತು ರೊಬೇರ್ ಎಂಬ ಇಬ್ಬರ ಕಥೆ ಪ್ಯಾರಿಸ್ಸಿನಲ್ಲಿ ಸಾಗುತ್ತದೆ. ಹೊಸ ಪದವೊಂದು ಬಂದರೆ ಬೇರೆ ಬೇರೆ ಸಿನಿಮಾಗಳ ತುಣುಕುಗಳಲ್ಲಿ ಅದೇ ಪದ ಮತ್ತೆ ಕೇಳಿಸುತ್ತದೆ.

ಆದರೆ ಕಲಿತದ್ದು ಪದವನ್ನೋ, ವಾಕ್ಯವನ್ನೋ? ಮೀಮಾಂಸಕರಲ್ಲೇ ಎರಡು ಮತ. ಕುಮಾರಿಲ ಭಟ್ಟನ ಪಂಥದವರ ಪ್ರಕಾರ ಪದಗಳು ಮೊದಲು ಬಿಡಿಬಿಡಿಯಾಗಿ ಅರ್ಥ ಕೊಡುತ್ತವೆ, ವಾಕ್ಯಾರ್ಥ ಆಮೇಲಿನದು. ಪ್ರಭಾಕರನ ಕಡೆಯವರು ಒಪ್ಪುವುದಿಲ್ಲ. ಒಂದರೊಡನೊಂದು ಅನ್ವಯಗೊಂಡೇ ಪದ ಅರ್ಥ ಕೊಡುತ್ತದೆ ಎನ್ನುವುದು ಅವರ ವಾದ. ಹತ್ತು ಬಣ್ಣಗಳ ಹೆಸರನ್ನು ಒಪ್ಪಿಸುವ ವಿಡಿಯೊ ಭಟ್ಟರ ದಾರಿಯದು, ಬೇಕರಿಯ ದೃಶ್ಯ ಪ್ರಭಾಕರರದು. ಫ್ರೆಂಚಿನ ‘ತು’ ಮತ್ತು ‘ವು’ಗಳನ್ನೇ ನೋಡಿ. ಅವು ಕನ್ನಡಿಗರಿಗೆ ಹೊಸದಲ್ಲ, ನಮಗೆ ನೀನು, ನೀವು ಇವೆಯಲ್ಲ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮ ‘ನೀನು’, ಅಪ್ಪ ‘ನೀವು’. ಇಂದಿನ ಫ್ರೆಂಚ್ ಮಕ್ಕಳು ಸಾಮಾನ್ಯವಾಗಿ ಇಬ್ಬರಿಗೂ ‘ತು’ ಎನ್ನುತ್ತಾರೆ. ಇದು ಪದಪಟ್ಟಿಯಲ್ಲಿ ಸಿಗುವುದಿಲ್ಲ, ಯಾರು ಯಾರೊಡನೆ ಹೇಗೆ ಮಾತಾಡುತ್ತಾರೆಂದು ನೋಡಿಯೇ ತಿಳಿಯಬೇಕು. ಈ ವಿಷಯದಲ್ಲಿ ಪ್ರಭಾಕರನದೇ ಮೇಲುಗೈ.

ಮೀಮಾಂಸಕರ ಮಗುವಿನಂತೆಯೇ, ಹಿರಿಯರು ವಸ್ತುಗಳನ್ನು ತೋರಿಸಿ ಹೆಸರಿಸುವುದನ್ನು ನೋಡುತ್ತ ಮಾತು ಕಲಿತೆನೆಂದು ಸಂತ ಅಗಸ್ಟಿನ್ ತನ್ನ ಆತ್ಮನಿವೇದನೆಯಲ್ಲಿ ಬರೆದಿದ್ದ. 1953ರಲ್ಲಿ ಪ್ರಕಟವಾದ ‘ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್’ನಲ್ಲಿ ತತ್ತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಇದಕ್ಕೆ ಆಕ್ಷೇಪವೆತ್ತಿದ: ಆಗಲೇ ಒಂದು ಭಾಷೆ ಬಲ್ಲವನು ಪರದೇಶಕ್ಕೆ ಬಂದಂತಿದೆ ಈ ವರ್ಣನೆ, ಮಗುವಿನದಲ್ಲ. ಫ್ರೆಂಚ್ ಕಲಿಯಲು ಕೂತ ಕನ್ನಡಿಗರು ಅಂಥ ಪರದೇಶಿಗಳೇ. ಬೆಲೆ ಕೇಳುವುದು, ಹೆಸರಿಡುವುದು ಎಂದರೇನೆಂದು ಅವರಿಗೆ ಗೊತ್ತು. ಆದ್ದರಿಂದ ಮಗುವಿನ ವಿಷಯದಲ್ಲಿ ಸೋಲುವ ಅಗಸ್ಟಿನ್, ದೊಡ್ಡವರ ವಿಷಯದಲ್ಲಿ ಗೆಲ್ಲುತ್ತಾನೆ.

ಹಾಗಾದರೆ ಗುರು ಬೇಡವೇ? 1818ರಲ್ಲಿ ಲೂವೇನ್ ವಿಶ್ವವಿದ್ಯಾಲಯಕ್ಕೆ ಬಂದ ಫ್ರೆಂಚ್ ಅಧ್ಯಾಪಕ ಜೋಸೆಫ್ ಜಾಕೊತೊಗೆ ಫ್ಲೆಮಿಷ್ ಬಾರದು, ಅವನ ಹಲವು ವಿದ್ಯಾರ್ಥಿಗಳಿಗೆ ಫ್ರೆಂಚ್ ಬಾರದು. ಆತ ಫೆನೆಲೊನ್‌ನ ‘ತೆಲೆಮಾಕ್’ ಕೃತಿಯ ದ್ವಿಭಾಷಾ ಪ್ರತಿಯನ್ನು ಕೊಡಿಸಿ, ಅನುವಾದದ ನೆರವಿನಿಂದ ಓದಿ ಎಂದ. ಏನನ್ನೂ ವಿವರಿಸಲಿಲ್ಲ. ಆದರೂ ಅವರು ಬರೆದ ಫ್ರೆಂಚ್ ಅವನನ್ನೇ ಬೆರಗುಗೊಳಿಸಿತು. ಈ ಪ್ರಸಂಗದ ಮೇಲೆಯೇ ಫ್ರೆಂಚ್ ತತ್ತ್ವಜ್ಞಾನಿ ಜಾಕ್ ರಾನ್ಸಿಯೆರ್ 1987ರಲ್ಲಿ ‘ಅಜ್ಞಾನಿ ಗುರು’ವಿನ ಕುರಿತು ಪುಸ್ತಕ ಬರೆದ. ಆದರೆ ಜಾಕೊತೊ ಓದಿಸಿ ಸುಮ್ಮನಾಗಲಿಲ್ಲ. ಓದಿದ್ದರ ಬಗ್ಗೆ ನಿಮಗೇನನಿಸಿತು, ಫ್ರೆಂಚಿನಲ್ಲೇ ಬರೆಯಿರಿ ಎಂದು ಕೇಳಿದ.

ವಿಡಿಯೊ ಕೇಳದಿರುವುದು ಇದನ್ನೇ. ಹಸುವಿನ ಬದಲು ಕುದುರೆ ತಂದರೆ ಹಿರಿಯ ಗದರಿಸುತ್ತಾನೆ. ‘ಲೆಝಾಮಿ’ (ಗೆಳೆಯರು) ಎಂದು ಕೂಡಿಸಿ ನುಡಿಯಬೇಕಾದ್ದನ್ನು ‘ಲೆ ಅಮಿ’ ಎಂದು ಒಡೆದರೂ ವಿಡಿಯೊ ತನ್ನ ಪಾಡಿಗೆ ಓಡುತ್ತದೆ. ವಿವರಿಸುವ ಗುರುವಿಲ್ಲದೆ ಫ್ರೆಂಚಿನ ಮೊದಲ ಮೆಟ್ಟಿಲು ಹತ್ತಬಹುದು, ಕಿವಿಗೊಡುವವರೊಬ್ಬರಿಲ್ಲದೆ ಆಗದು. ಫ್ರೆಂಚ್ ಕಲಿಯುವ ಆರಂಭಿಕರ ಡೆಲ್ಫ್ ಎ1 ಪರೀಕ್ಷೆಯಲ್ಲೂ 100ರಲ್ಲಿ 25 ಅಂಕಗಳು ಪರೀಕ್ಷಕರ ಎದುರು ಕೂತು ಐದರಿಂದ ಏಳು ನಿಮಿಷ ಮಾತಾಡುವುದಕ್ಕೇ ಮೀಸಲು.